ಮಗಳ ನೋವಿಗೆ ಮದುವೆ ಮದ್ದಲ್ಲ

ಬೆಂಗಳೂರಲ್ಲಿ ಕೆಲಸದಲ್ಲಿದ್ದ ಮಗಳು ಊರಿಗೆ ಬಂದು ಕೋಣೆ ಸೇರಿದ್ದಾಳೆ, ಊಟ ಸೇರ್ತಿಲ್ಲ ಅಂದ್ರೆ ನಮ್ಮ ತಿಪಟೂರು, ತುರುವೇಕೆರೆ ಕಡೆ ತಾಯಂದಿರು ಮೊದಲು ಕೇಳುವುದು ‘ಯಾರೇ ಆ ಹುಡುಗ?’ ಅಂತ. ಹುಡುಗಿಯೂ ಆಗಿರಬಹುದು ಎನ್ನುವುದು ನಮ್ಮ ತಲೆಗೇ ಹೊಳೆಯುವುದಿಲ್ಲ.

ಗಂಡು, ಹೆಣ್ಣು ಇಬ್ಬರ ಕಡೆಗೂ ಮನಸ್ಸು ವಾಲುವವರಿದ್ದಾರೆ. ದ್ವಿಲಿಂಗಾಕರ್ಷಣೆ ಅನ್ನುತ್ತಾರೆ. ಇಂಥ ಮಗಳ ಪಾಡು ಇನ್ನೂ ಕಷ್ಟ. ‘ಹುಡುಗರೂ ಇಷ್ಟ ಆಗ್ತಾರಲ್ಲ, ಮತ್ತೇನು? ಗಂಡು ನೋಡ್ತೀವಿ’ ಅಂದುಬಿಡುತ್ತೇವೆ. ಅಲ್ಲಾ, ಗಂಡಸರನ್ನಷ್ಟೇ ಇಷ್ಟಪಡುವ ನಾವೇನು ತೋರಿಸಿದ ಗಂಡನ್ನೆಲ್ಲಾ ಒಪ್ಪಿಕೊಂಡೆವಾ? ಅವಳು ಕಳೆದುಕೊಂಡದ್ದು ಒಬ್ಬ ವ್ಯಕ್ತಿಯನ್ನು.

ಇರಾನಿನಲ್ಲಿ ಹೆಣ್ಣು ಹೆಣ್ಣನ್ನು ಕೂಡಿದರೆ ಕಾನೂನು 100 ಛಡಿಯೇಟು ಹೇಳುತ್ತದೆ. ನಮ್ಮಲ್ಲಿ ಆ ಭಯವಿಲ್ಲ. ವಯಸ್ಕರು ಒಪ್ಪಿ ಮಾಡಿಕೊಂಡ ಇಂಥ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿತು. 2023ರಲ್ಲಿ ಮದುವೆಯ ಹಕ್ಕು ಮಾತ್ರ ಕೊಡಲಿಲ್ಲ. ಇದು ಕಾಯಿಲೆಯೂ ಅಲ್ಲ. ‘ಸರಿಮಾಡ್ತೀನಿ’ ಎಂದು ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ತಾಯತವಂತೂ ಬೇಡವೇ ಬೇಡ.

ಉಂಡೆ ಕೊಬ್ಬರಿಗೆ ಅಟ್ಟದ ಮೇಲೆ ಹತ್ತು-ಹನ್ನೊಂದು ತಿಂಗಳು ಕಾಯುವ ನಾವು, ಮಗಳಿಗೆ ಮೂರು ತಿಂಗಳು ಬಿಡದೆ ಜಾತಕ ಹೊರಗೆ ತೆಗೀತೀವಿ. ನೆಂಟರ ಬಾಯಿಗೆ ಹೆದರಿ ಮಾಡಿದ ಮದುವೆಯಲ್ಲಿ ಏನೂ ಅರಿಯದ ಇನ್ನೊಂದು ಮನೆಯ ಹುಡುಗನೂ ನೋಯುತ್ತಾನೆ. ಜಾತಕ ಬೀರುವಿನಲ್ಲೇ ಇರಲಿ. ಅವಳು ಆ ಹೆಸರು ಹೇಳಿ ಅತ್ತರೆ ‘ಬರೀ ಫ್ರೆಂಡ್ ತಾನೇ’ ಅನ್ನಬೇಡಿ. ವಾರಗಟ್ಟಲೆ ನಿದ್ದೆ, ಊಟ ಬಿಟ್ಟಿದ್ದರೆ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ.