ಲ್ಯಾಟಿನ್ನಿಗೆ ಜಾಗವಿದೆ, ಕನ್ನಡಕ್ಕಿಲ್ಲವೇ?

ಕನ್ನಡದ ತರುಣ ಮಿತ್ರರೇ,

ಕನ್ನಡಕ್ಕೆ ಅನ್ಯಾಯ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರುವುದು ಇಂಗ್ಲಿಷ್ ಬೋರ್ಡು, ಹಿಂದಿ ಮಾತಾಡುವ ಬ್ಯಾಂಕು, ಕಾನ್ವೆಂಟ್ ಶಾಲೆ. ಬೋರ್ಡಿಗೆ ಮಸಿ ಬಳಿಯುತ್ತೀರಿ, ಬ್ಯಾಂಕಿನ ಮುಂದೆ ಧರಣಿ ಕೂರುತ್ತೀರಿ, ಶಾಲೆಯ ಮೇಲೆ ಬಿಇಒ ಸಾಹೇಬರಿಗೆ ಮನವಿ ಕೊಡುತ್ತೀರಿ. ಸರಿಯೇ. ಆದರೆ ಬೋರ್ಡೇ ಇಲ್ಲದ, ಗೇಟೇ ಇಲ್ಲದ, ಯಾವ ಸರ್ಕಾರಿ ಕಡತದಲ್ಲೂ ಹೆಸರಿಲ್ಲದ ಶಾಲೆಗೆ ಏನು ಮಾಡುತ್ತೀರಿ?

ಅಂಥ ಶಾಲೆಗಳಿವೆ. ಮಕ್ಕಳನ್ನು ಶಾಲೆಗೆ ಸೇರಿಸದೆ ತಂದೆತಾಯಿಯೇ ಮನೆಯಲ್ಲಿ ಕಲಿಸುವುದಕ್ಕೆ ಹೋಂಸ್ಕೂಲಿಂಗ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಇದು ಹಳೆಯ ಸುದ್ದಿ. ಬೆಂಗಳೂರಿನದು ತುಮಕೂರಿಗೆ ಬರಲು ಎಷ್ಟು ಹೊತ್ತು? 70 ಕಿಲೋಮೀಟರು, ಒಂದು ಪ್ಯಾಸೆಂಜರ್ ರೈಲು.

ಹೀಗೆ ಕಲಿಸುವವರಲ್ಲಿ ಕ್ರೈಸ್ತ ಕುಟುಂಬಗಳದ್ದೇ ಒಂದು ದಾರಿ. ಅದರ ಬೇರು ಅಮೆರಿಕದಲ್ಲಿದೆ. 1997ರಲ್ಲಿ ಉತ್ತರ ಕೆರೊಲಿನಾದಲ್ಲಿ ಲೀ ಬಾರ್ಟಿನ್ಸ್ ಎಂಬ ತಾಯಿ ಶುರು ಮಾಡಿದ ‘ಕ್ಲಾಸಿಕಲ್ ಕಾನ್ವರ್ಸೇಶನ್ಸ್’ ಎಂಬ ಕೂಟವನ್ನೇ ನೋಡಿ. ವಾರವೆಲ್ಲ ಮನೆಯಲ್ಲಿ ಪಾಠ. ಒಂದು ದಿನ ಮಾತ್ರ ಹಲವು ಕುಟುಂಬಗಳು ಚರ್ಚಿನ ಹಾಲಿನಲ್ಲೋ ಮತ್ತೆಲ್ಲೋ ಸೇರುತ್ತವೆ. ಪ್ರಾರ್ಥನೆ ಆಗುತ್ತದೆ. ಆಮೇಲೆ ಮಕ್ಕಳು ಗುಂಪಾಗಿ ಕೂತು ಇತಿಹಾಸ, ವಿಜ್ಞಾನ, ಗಣಿತ, ಭೂಗೋಳ ಎಲ್ಲವನ್ನೂ ಹಾಡು ಕಟ್ಟಿ ಬಾಯಿಪಾಠ ಮಾಡುತ್ತಾರೆ. ತಾಯಂದಿರೇ ಟೀಚರುಗಳು. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಇಂಥ 24 ವಾರ. ಇದು ಈಗ ಹತ್ತಾರು ದೇಶಗಳಿಗೆ ಹಬ್ಬಿದೆ.

ನಿಜ ಹೇಳಬೇಕೆಂದರೆ ಇದರಲ್ಲಿ ಬಯ್ಯುವಂಥದ್ದಕ್ಕಿಂತ ಮೆಚ್ಚುವಂಥದ್ದೇ ಜಾಸ್ತಿ. ನಮ್ಮ ಮಗ್ಗಿ, ಅಮರಕೋಶ ಬಾಯಿಪಾಠ ಮಾಡಿಸುತ್ತಿದ್ದ ಕೂಲಿಮಠದ ಅಯ್ಯಗಳು ಇದನ್ನು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಲಕ್ಷಗಟ್ಟಲೆ ಡೊನೇಶನ್ ಇಲ್ಲ, ಮಗುವಿನ ಬೆನ್ನ ಮೇಲೆ ಮೂಟೆ ಇಲ್ಲ.

ಆದರೆ ಆ ಬಾಯಿಪಾಠದ ಪಟ್ಟಿಯಲ್ಲಿ ಲ್ಯಾಟಿನ್ ಕೂಡ ಇದೆ! ರೋಮಿನ ಚಕ್ರವರ್ತಿಗಳ ಜೊತೆ ಸತ್ತುಹೋದ ಲ್ಯಾಟಿನ್. ಅಮೆರಿಕದವರು ಕಲಿಯಲಿ, ಅವರ ಮಾತಿನ ಎಷ್ಟೋ ಪದಗಳ ಬೇರು ಅದು. ಆ ಪುಸ್ತಕವನ್ನು ಇದ್ದ ಹಾಗೇ ತಂದು ನಮ್ಮ ನೆಲದಲ್ಲಿ ಕಲಿಸಿದರೆ ಆ ಮಗು ಲ್ಯಾಟಿನ್ ವಿಭಕ್ತಿ ಗಿಣಿಯಂತೆ ಒಪ್ಪಿಸುತ್ತದೆ, ಬಸ್ ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸಿನ ಬೋರ್ಡು ಓದಲಾರದೆ ನಿಲ್ಲುತ್ತದೆ. ಇದೆಂಥ ವಿದ್ಯೆ ಸ್ವಾಮಿ?

ಕಾನೂನು ಇದೆಯಲ್ಲ ಎನ್ನುತ್ತೀರಾ? ಇದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಲೇಬೇಕು ಎನ್ನುತ್ತದೆ. 2017-18ರಿಂದ ಒಂದನೇ ತರಗತಿಯಿಂದ ಹಂತಹಂತವಾಗಿ ಜಾರಿಗೆ ಬಂತು. ಆದರೆ ಅದು ಹಿಡಿಯುವುದು ಶಾಲೆಯನ್ನು. ಮನೆ ಶಾಲೆಯಲ್ಲ, ವಾರಕ್ಕೊಮ್ಮೆ ಸೇರುವ ಕೂಟವೂ ಶಾಲೆಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಮನೆಪಾಠವನ್ನು ಅಪರಾಧ ಎನ್ನಲಿಲ್ಲ, ಇದಕ್ಕೊಂದು ನಿಯಮವನ್ನೂ ಮಾಡಲಿಲ್ಲ. ಈ ಮಕ್ಕಳು ಹತ್ತನೇ ತರಗತಿಗೆ ಕಟ್ಟುವ ದಾರಿಗಳಲ್ಲೊಂದು ಕೇಂದ್ರದ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್. ಅಲ್ಲಿ ಕನಿಷ್ಠ ಒಂದು ಭಾಷೆ ತೆಗೆದುಕೊಂಡರೆ ಸಾಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆರಿಸುವುದು, ಬಿಡುವುದು ಅವರಿಷ್ಟ. ಬರೀ ಇಂಗ್ಲಿಷ್ ತೆಗೆದುಕೊಂಡು ಪಾಸಾದರೆ ಕರ್ನಾಟಕದಲ್ಲೇ ಹುಟ್ಟಿ ಬೆಳೆದ ಹುಡುಗ ಒಂದಕ್ಷರ ಕನ್ನಡ ಬರೆಯದೆ ಎಸ್ಸೆಸ್ಸೆಲ್ಸಿಗೆ ಸಮನಾದ ಸರ್ಟಿಫಿಕೇಟು ಹಿಡಿದು ಬರುತ್ತಾನೆ!

ಕೋರ್ಟಿಗೆ ಹೋಗೋಣ ಎಂದೀರಿ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ನಮ್ಮದೇ ಸರ್ಕಾರದ ಕೇಸಿನಲ್ಲಿ ಏನು ಹೇಳಿತು, ಮರೆತಿರಾ? ಮಗುವಿಗೆ ಯಾವ ಮಾಧ್ಯಮ ಎಂಬುದನ್ನು ಹೆತ್ತವರು ಆರಿಸುತ್ತಾರೆ, ಸರ್ಕಾರ ತಾಯ್ನುಡಿಯನ್ನು ಹೇರುವಂತಿಲ್ಲ ಎಂದಿತು. ಆ ಬಾಗಿಲು ಮುಚ್ಚಿದೆ.

ಇಲ್ಲಿ ಒಂದು ಎಚ್ಚರಿಕೆ. ಇದನ್ನು ಓದಿ ಕೆಲವರ ಕೈ ತುರಿಸಬಹುದು. ಕ್ರೈಸ್ತರು ಮನೆಯಲ್ಲಿ ಸೇರಿದ್ದಾರೆ ಎಂಬ ಒಂದೇ ಮಾತು ಸಾಕು, ಬಾಗಿಲ ಮುಂದೆ ಗಲಾಟೆ ಎಬ್ಬಿಸಲು ಕಾಯುವ ಗುಂಪುಗಳು ರಾಜ್ಯದಲ್ಲಿವೆ. ಅವರಿಗೂ ಕನ್ನಡಕ್ಕೂ ಸಂಬಂಧವಿಲ್ಲ. ಅವರ ಜೊತೆ ಹೋಗುವವನು ನಮ್ಮ ಧ್ವಜವನ್ನು ಮನೆಯಲ್ಲಿಟ್ಟು ಹೋಗಲಿ. ಯಾರ ಮನೆಯ ಪ್ರಾರ್ಥನೆ ಏನು ಎಂದು ಕೇಳುವುದು ನಮ್ಮ ಕೆಲಸವಲ್ಲ.

ಕ್ರೈಸ್ತರೆಂದರೆ ಇಂಗ್ಲಿಷ್ ಎಂದುಕೊಂಡವರು ಸ್ವಲ್ಪ ಗುಬ್ಬಿಯ ಕಥೆ ಕೇಳಿ. ಗುಬ್ಬಿ ಎಂದರೆ ನಮಗೆ ವೀರಣ್ಣನವರ ನಾಟಕ ಕಂಪನಿ. ಆ ಕಂಪನಿ ಹುಟ್ಟುವ ನಲವತ್ತೈದು ವರ್ಷ ಮೊದಲು, 1839ರಲ್ಲಿ, ವಿಲಿಯಂ ಆರ್ಥರ್ ಎಂಬ ಇಪ್ಪತ್ತರ ಐರಿಷ್ ಹುಡುಗ ವೆಸ್ಲಿಯನ್ ಮಿಷನ್ನಿನ ಪರವಾಗಿ ನಮ್ಮ ಸೀಮೆಗೆ ಬಂದು ಗುಬ್ಬಿಯಲ್ಲಿ ನೆಲೆಸಿದ. ನಿಮ್ಮಲ್ಲಿ ಅನೇಕರ ವಯಸ್ಸು! ಬಂದವನು ಮಾಡಿದ ಮೊದಲ ಕೆಲಸ ಕನ್ನಡ ಕಲಿತದ್ದು. ಆ ಕಾಲಕ್ಕೆ ಕುಣಿಗಲ್ಲಿನಲ್ಲೂ ಅದೇ ಮಿಷನ್ನಿನ ಠಾಣೆ ಇತ್ತು. ಆರೋಗ್ಯ ಕೆಟ್ಟು ಆತ 1841ರಲ್ಲಿ ವಾಪಸು ಹೋದ. 1847ರಲ್ಲಿ ಲಂಡನ್ನಿನಲ್ಲಿ ಮೈಸೂರು ಸೀಮೆಯ ಮೇಲೊಂದು ಪುಸ್ತಕ ಪ್ರಕಟಿಸಿದ. ಆತ ಬಂದದ್ದು ಮತ ಸಾರಲು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಗುಬ್ಬಿಯವರ ಹತ್ತಿರ ಮಾತಾಡಬೇಕಾದರೆ ಗುಬ್ಬಿಯವರ ಮಾತೇ ಬೇಕು ಎಂಬ ಬುದ್ಧಿ ಆತನಿಗಿತ್ತು.

ಆತನ ಮಿಷನ್ನಿನವರೇ ಬೆಂಗಳೂರಿನಲ್ಲಿ ಪ್ರೆಸ್ ಹಾಕಿದರು. ರೀವ್ ಪಾದ್ರಿಯ ಕನ್ನಡ ನಿಘಂಟನ್ನು ಸ್ಯಾಂಡರ್ಸನ್ ತಿದ್ದಿ 1858ರಲ್ಲಿ ಅಲ್ಲೇ ಅಚ್ಚು ಹಾಕಿಸಿದರು. ಅತ್ತ ಮಂಗಳೂರಿನಲ್ಲಿ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತಂದರು. 1894ರಲ್ಲಿ ಕಿಟೆಲ್ ನಿಘಂಟು ಬಂತು. ಒಂದು ಒತ್ತಕ್ಷರವನ್ನು ಸಾಲು ಕೆಡದಂತೆ ಕೂರಿಸಲು ಎಷ್ಟು ತಾಳ್ಮೆ ಬೇಕು ಎಂಬುದು ಮೊಳೆ ಜೋಡಿಸಿದವರಿಗೆ ಗೊತ್ತು. ಇವತ್ತು ಕಂಪ್ಯೂಟರಿನಲ್ಲಿ ಕುಟ್ಟುವ ನಾವೆಲ್ಲ ಆ ಕೈಗಳ ಋಣದವರೇ. ಆಮೇಲೆ ಬೆಂಗಳೂರಿನ ಕ್ಯಾಥೋಲಿಕ್ ಚರ್ಚುಗಳಲ್ಲಿ ಕನ್ನಡದಲ್ಲೇ ಪೂಜೆ ಬೇಕು ಎಂದು ವರ್ಷಗಟ್ಟಲೆ ಹೋರಾಡಿದವರು ಯಾರು? ಕನ್ನಡ ಕ್ರೈಸ್ತರೇ. ಅವರು ನಮ್ಮವರು.

ಹಾಗಾಗಿ ನಾವು ಅವರಲ್ಲಿ ಕೇಳುವುದು ದಾನವಲ್ಲ. ಅಪ್ಪ, ಅಮ್ಮ, ನಿಮ್ಮ ಮಗುವಿಗೆ ಏನು ಬೇಕಾದರೂ ಕಲಿಸಿ, ಎಲ್ಲಿ ಬೇಕಾದರೂ ಕಲಿಸಿ. ವಾರದ ಕೂಟದ ದಿನ ಒಂದು ಗಂಟೆ ಕನ್ನಡಕ್ಕಿರಲಿ. ಮುಕ್ತ ಶಾಲೆಯ ಅರ್ಜಿ ತುಂಬುವಾಗ ಭಾಷೆಯ ಕಾಲಮಿನಲ್ಲಿ ಕನ್ನಡವನ್ನೂ ಬರೆಯಿರಿ, ಎರಡು ಭಾಷೆಗೆ ಅವಕಾಶವಿದೆ. ಮಕ್ಕಳಿಗೆ ಬೈಬಲ್ ವಾಕ್ಯ ಬಾಯಿಪಾಠ ಮಾಡಿಸುತ್ತೀರಲ್ಲ, ಅದನ್ನೇ ಕನ್ನಡ ಬೈಬಲ್ಲಿನಿಂದ ಮಾಡಿಸಿ. ಅದಕ್ಕೆ ಯಾರ ಅಪ್ಪಣೆ ಬೇಕು?

ಇನ್ನು ನಿಮಗೆ, ಡಿಗ್ರಿ ಮುಗಿಸಿ ಬಿ.ಎಚ್. ರಸ್ತೆಯ ಟೀ ಅಂಗಡಿಯಲ್ಲಿ ಕನ್ನಡದ ಭವಿಷ್ಯ ಚರ್ಚೆ ಮಾಡುವ ಮಿತ್ರರಿಗೆ. ಕನ್ನಡ ಕಲಿಸಿ ಎಂದರೆ ಆ ತಾಯಂದಿರು ಕೇಳುವ ಮೊದಲ ಪ್ರಶ್ನೆ ‘ಯಾರು ಕಲಿಸುತ್ತಾರೆ?’ ಎಂಬುದು. ನ್ಯಾಯವಾದ ಪ್ರಶ್ನೆ. ಅವರಲ್ಲಿ ತಮಿಳು, ಮಲಯಾಳ ಮನೆಮಾತಿನವರಿರಬಹುದು, ಕಾನ್ವೆಂಟಿನಲ್ಲಿ ಓದಿ ಕಾಗುಣಿತ ಮರೆತ ಕನ್ನಡದವರೂ ಇರಬಹುದು. ಅಮೆರಿಕದ ಕನ್ನಡ ಕೂಟಗಳವರನ್ನು ನೋಡಿ: ಭಾನುವಾರ ಒಂದು ಹಾಲು ಹಿಡಿದು, ಸಂಬಳವಿಲ್ಲದೆ, ಇಂಗ್ಲಿಷಿನಲ್ಲೇ ಕನಸು ಕಾಣುವ ತಮ್ಮ ಮಕ್ಕಳಿಗೆ ಅ ಆ ಇ ಈ ತಿದ್ದಿಸುತ್ತಾರೆ. ಅದೂ ಕೂಟದ ಪಾಠವೇ. ಅಲ್ಲಿ ಆಗುವುದು ಇಲ್ಲಿ ಏಕಾಗದು? ಚರ್ಚಿನ ಸಭಾಪಾಲಕರನ್ನು ಕಂಡು, ಕೈಮುಗಿದು, ‘ಅಯ್ಯನವರೇ, ಇಂಥ ಕುಟುಂಬಗಳಿದ್ದರೆ ಹೇಳಿ, ಶನಿವಾರ ಬಂದು ಪುಕ್ಕಟೆ ಕನ್ನಡ ಹೇಳಿಕೊಡುತ್ತೇವೆ’ ಎನ್ನಿ. ಶಾಲು ಹೊದ್ದು, ಹಿಂದೆ ಹತ್ತು ಬೈಕು ಕಟ್ಟಿಕೊಂಡು ಹೋಗಬೇಡಿ. ಇಬ್ಬರು ಸಾಕು. ಅವರಲ್ಲಿ ಒಬ್ಬಳು ಹುಡುಗಿಯಾದರೆ ಇನ್ನೂ ಒಳ್ಳೆಯದು, ತಾಯಂದಿರು ಬಾಗಿಲು ತೆಗೆಯುತ್ತಾರೆ.

ತಿದ್ದುವ ಹಾಳೆ, ಕಾಗುಣಿತದ ಪಟ್ಟಿ ನಮ್ಮ ಪ್ರೆಸ್ಸಿನಲ್ಲಿ ಅಚ್ಚು ಹಾಕಿಕೊಡುತ್ತೇವೆ, ಒಂದು ಪೈಸೆ ಬೇಡ. ತುಮಕೂರಿನವರು ಬಂದು ಒಯ್ಯಿರಿ. ಗುಬ್ಬಿ, ಕುಣಿಗಲ್ ಕಡೆಯವರು ಹೇಳಿ ಕಳಿಸಿದರೆ ಬಂಡಲು ಕಟ್ಟಿ ಬಸ್ಸಿಗೆ ಹಾಕುತ್ತೇವೆ. ಲಗೇಜು ಮಾತ್ರ ನಿಮ್ಮದು.