ಖಾಲಿ ನಿವೇಶನಗಳ ವ್ಯಾಪಾರ ಮತ್ತು ಪರಿಗ್ರಹದ ಮಿತಿ

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಪೀರನವಾಡಿ, ಮಚ್ಛೆ, ದೇಸೂರು ದಾಟಿದರೆ ಭತ್ತದ ಗದ್ದೆಗಳ ನಡುನಡುವೆ ಸಿಮೆಂಟಿನ ಕಮಾನುಗಳು ಕಾಣಿಸತೊಡಗುತ್ತವೆ. ಕಮಾನಿನ ಮೇಲೆ ಯಾವುದೋ ದೇವರ ಹೆಸರಿನ ನಗರ, ಇಲ್ಲವೆ ಇಂಗ್ಲಿಷ್ ಹೂವೊಂದರ ಹೆಸರಿನ ಕಾಲೋನಿ. ಒಳಗೆ ಹೋದರೆ ಎಂದೋ ಹಾಕಿದ ಡಾಂಬರು ಕಿತ್ತುಹೋಗಿದೆ. ಗಡಿಕಲ್ಲುಗಳು ಪಾರ್ಥೇನಿಯಂ ಕಳೆಯಲ್ಲಿ ಮುಚ್ಚಿವೆ. ಉದ್ಯಾನಕ್ಕೆಂದು ನಕ್ಷೆಯಲ್ಲಿ ಬಿಟ್ಟ ಜಾಗದಲ್ಲಿ ಎಮ್ಮೆಗಳು ಮೇಯುತ್ತಿವೆ. ಮೂರು ನಾಲ್ಕು ಮನೆಗಳು ಕಟ್ಟಿಸಿಕೊಂಡಿವೆ. ಅವುಗಳಲ್ಲಿಯೂ ಒಂದೆರಡಕ್ಕೆ ಬೀಗ. ಭಾನುವಾರ ಬಂತೆಂದರೆ ಗೋವಾ ನೋಂದಣಿಯ, ಪುಣೆ ನೋಂದಣಿಯ ಕಾರುಗಳು ಈ ಕಮಾನುಗಳ ಮುಂದೆ ನಿಲ್ಲುತ್ತವೆ. ಇಳಿದವರು ಹವೆ ತಂಪಾಗಿದೆಯೆನ್ನುತ್ತಾರೆ, ನೀರು ಬರುತ್ತದೆಯೆ ಎಂದು ಕೇಳುತ್ತಾರೆ, ದರವನ್ನು ವಿಚಾರಿಸಿ ಹೋಗುತ್ತಾರೆ.

ಅವರಿಗೆ ಹೇಳಲಾಗುವ ಮಾತು ಎಲ್ಲ ಕಡೆಯಲ್ಲಿಯೂ ಒಂದೇ. ಗೋವೆಯ ದರಕ್ಕೆ ಹೋಲಿಸಿದರೆ ಇದು ಪುಕ್ಕಟೆ. ಬಡಾವಣೆ ಸ್ವಲ್ಪ ಸೊರಗಿದೆ ನಿಜ, ತಮ್ಮಂಥವರು ನಾಲ್ಕು ಜನ ಕೊಂಡರೆ ಚಿಗುರುತ್ತದೆ. ಈಗ ತೆಗೆದಿಟ್ಟರೆ ಹತ್ತು ವರ್ಷಕ್ಕೆ ಐದು ಪಟ್ಟು. ಈ ಮಾತಿನಲ್ಲಿ ಎರಡು ವಾದಗಳಿವೆ, ಮತ್ತು ಅವು ಒಂದನ್ನೊಂದು ಸುಳ್ಳು ಮಾಡುತ್ತವೆ. ಬಡಾವಣೆ ಚಿಗುರಬೇಕಾದರೆ ಕೊಂಡವನು ಬಂದು ಇರಬೇಕು. ಐದು ಪಟ್ಟು ಲಾಭ ಬರಬೇಕಾದರೆ ಅವನು ಇರಬೇಕಾದುದೇನೂ ಇಲ್ಲ, ಕಾದರೆ ಸಾಕು. ಇದುವರೆಗಿನ ಅನುಭವದಲ್ಲಿ ಕೊಂಡವರಲ್ಲಿ ಬಹುಪಾಲು ಜನ ಕಾಯುವವರೇ ಆಗಿದ್ದಾರೆ. ಬಡಾವಣೆ ಸೊರಗಿದ್ದು ಗಿರಾಕಿಯಿಲ್ಲದೆ ಅಲ್ಲ. ಎಲ್ಲ ನಿವೇಶನಗಳೂ ಎಂದೋ ಮಾರಾಟವಾಗಿವೆ, ಕೆಲವು ಮೂರು ಕೈ ದಾಟಿವೆ. ಸೊರಗಿದ್ದು ನಿವಾಸಿಗಳಿಲ್ಲದೆ.

ಕೊಳ್ಳಲು ಬರುವವರಲ್ಲಿ ಪರದೇಶದ ನಾಗರಿಕರೂ ಇದ್ದಾರೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಬಿಳಿಯ ಚರ್ಮದವರನ್ನು ಹುಡುಕಬೇಕಾಗಿಲ್ಲ. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಯಿತು. ಅದಕ್ಕೆ ಮೊದಲು ಅಲ್ಲಿ ಹುಟ್ಟಿದವರೂ ಅವರ ಮಕ್ಕಳು ಮೊಮ್ಮಕ್ಕಳೂ ಲಿಸ್ಬನ್ನಿನಲ್ಲಿ ಜನನವನ್ನು ದಾಖಲಿಸಿ ಪೋರ್ಚುಗಲ್ಲಿನ ಪೌರತ್ವವನ್ನು ಪಡೆಯಲು ಆ ದೇಶದ ಕಾನೂನು ಅವಕಾಶವಿತ್ತಿದೆ. ದುಡಿಮೆಗಾಗಿ ಯುರೋಪಿಗೆ ಹೋಗಬಯಸಿದ ಸಹಸ್ರಾರು ಜನ ಆ ದಾರಿ ಹಿಡಿದರು. ಆದರೆ ಭಾರತದ 1955ರ ಪೌರತ್ವ ಕಾಯ್ದೆ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. ಅಲ್ಲಿನವನಾದ ದಿನವೇ ಇಲ್ಲಿನವನಲ್ಲ. ಹೀಗೆ ಕೊಂಕಣಿ ಮಾತಾಡುವ, ಬೆಳಗಾವಿಯ ಆಸ್ಪತ್ರೆಗೂ ಕಾಲೇಜಿಗೂ ಹಿಂದಿನಿಂದ ಬಂದುಹೋಗುವ, ಇಲ್ಲಿ ನೆಂಟರಿರುವ ಮನುಷ್ಯನೊಬ್ಬ ಕಾಗದದ ಮೇಲೆ ವಿದೇಶೀಯನಾಗಿರುತ್ತಾನೆ. ಊರಿನಲ್ಲಿ ಮನೆ ಕೊಳ್ಳಲು ಹೋದರೆ ಅಲ್ಲಿನ ಬೆಲೆ ಅವನ ಕೈಗೆ ಎಟುಕದು. ಮುಂಬಯಿ ದೆಹಲಿಗಳ ಶ್ರೀಮಂತರು ವರ್ಷಕ್ಕೆರಡು ವಾರ ತಂಗಲು ಅಲ್ಲಿ ಬಂಗಲೆಗಳನ್ನು ಕೊಂಡಿಟ್ಟಿದ್ದಾರೆ. ಆದುದರಿಂದ ಅವನು ಚೋರ್ಲಾ ಘಾಟು ಹತ್ತಿ ಕಣಕುಂಬಿ, ಜಾಂಬೋಟಿಯ ಕಡೆಗೆ ಬರುತ್ತಾನೆ. ತನ್ನ ಊರಿನಲ್ಲಿ ತಾನು ಅನುಭವಿಸಿದ ಅನ್ಯಾಯವನ್ನೇ ಘಟ್ಟದ ಮೇಲಿನವರಿಗೆ ಮಾಡಲು ಹೊರಟಿದ್ದೇನೆಂಬ ಅರಿವು ಅವನಿಗಿರಲಾರದು. ಇದನ್ನು ಅವನಿಗೆ ಹೇಳಬೇಕಾದವನು ಮಾರುವವನು, ಮತ್ತು ಮಾರುವವನು ಹೇಳುವುದಿಲ್ಲ.

ಮಾರುವವನು ಹೇಳದಿರುವ ಇನ್ನೂ ಒಂದು ಸಂಗತಿಯಿದೆ. ಭಾರತದ ಮೂಲದ ವಿದೇಶೀ ನಾಗರಿಕನು ಓ.ಸಿ.ಐ. ಕಾರ್ಡು ಪಡೆದಿದ್ದರೆ ವಾಸದ ಮನೆಯನ್ನಾಗಲಿ ವಾಣಿಜ್ಯದ ಕಟ್ಟಡವನ್ನಾಗಲಿ ಕೊಳ್ಳಬಹುದು. ಕೃಷಿಭೂಮಿ, ತೋಟ, ಫಾರ್ಮ್‌ಹೌಸ್ ಈ ಮೂರನ್ನು ಮಾತ್ರ ಕೊಳ್ಳಲಾಗದು. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಖಾನಾಪುರದ ಕಾಡಂಚಿನಲ್ಲಿ ಮಾರಾಟವಾಗುತ್ತಿರುವುದು ಬಹುಮಟ್ಟಿಗೆ ಈ ಮೂರನೆಯದೇ. ಹತ್ತು ಗುಂಟೆ, ಸುತ್ತ ತಂತಿಬೇಲಿ, ನಾಲ್ಕು ಮಾವಿನ ಸಸಿ, ಒಂದು ಕೋಣೆ. ಹೆಸರು ‘ಫಾರ್ಮ್ ಪ್ಲಾಟು’. ಭೂಪರಿವರ್ತನೆ, ಅಂದರೆ ಈ ಭಾಗದ ಜನ ಎನ್.ಎ. ಎಂದು ಕರೆಯುವುದು, ಆಗಿರುವುದಿಲ್ಲ. ಉತಾರ ತೆಗೆಸಿದರೆ ಏಳೆಂಟು ಜನರ ಜಂಟಿ ಹೆಸರು. ಯಾರ ಗುಂಟೆ ಎಲ್ಲಿಯದೆಂದು ತೋರಿಸುವ ಪೋಡಿಯಿಲ್ಲ. ಪ್ರಶ್ನೆ ಕೇಳಿದರೆ ದಲ್ಲಾಳಿಯ ಬಳಿ ಉತ್ತರ ಸಿದ್ಧವಾಗಿರುತ್ತದೆ: ಇಲ್ಲಿರುವ ನಿಮ್ಮ ಭಾವಮೈದುನನ ಹೆಸರಿಗೆ ಮಾಡಿಬಿಡೋಣ. ಹಣ ಒಬ್ಬನದು, ಹೆಸರು ಇನ್ನೊಬ್ಬನದು. 2016ರಲ್ಲಿ ತಿದ್ದುಪಡಿಯಾದ ಬೇನಾಮಿ ಕಾಯ್ದೆಯ ಪ್ರಕಾರ ಇದಕ್ಕೆ ಒಂದರಿಂದ ಏಳು ವರ್ಷಗಳವರೆಗೆ ಕಠಿಣ ಶಿಕ್ಷೆ, ಆಸ್ತಿಯ ಮಾರುಕಟ್ಟೆ ಬೆಲೆಯ ನೂರಕ್ಕೆ 25ರವರೆಗೆ ದಂಡ, ಮೇಲೆ ಆಸ್ತಿಯ ಮುಟ್ಟುಗೋಲು. ವಿದೇಶಿ ವಿನಿಮಯ ಕಾಯ್ದೆಯ ದಂಡ ಬೇರೆ. ಅದು ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೂ ಹೋಗಬಹುದು. ಭಾವಮೈದುನನು ನಾಳೆ ಕೈಯೆತ್ತಿದರೆ ದೂರು ಕೊಡಲು ಮೂಲ ಕೊಂಡವನಿಗೆ ಬಾಯಿಯೇ ಇರುವುದಿಲ್ಲ. ಬೆಳಗಾವಿಯ ಅಂಚಿನಲ್ಲಿ ಬರಿಯ ಬಾಂಡ್ ಕಾಗದದ ಮೇಲೆ ನಿವೇಶನ ಕೊಂಡು ಮೋಸಹೋದ ಬಡ ಕೂಲಿಕಾರರ ಕಥೆ ಎಲ್ಲರಿಗೂ ಗೊತ್ತು. ಕಾರಿನಲ್ಲಿ ಬಂದವನ ಕಥೆಯೂ ಅದಕ್ಕಿಂತ ಬೇರೆಯಾಗಿಲ್ಲ, ಸಂಖ್ಯೆಗೆ ಸೊನ್ನೆಗಳು ಹೆಚ್ಚು ಅಷ್ಟೇ.

ದೇಶದೊಳಗಿನ ಕೊಳ್ಳುಗನಿಗಂತೂ ಈಗ ತಡೆಯೇ ಇಲ್ಲ. ಕರ್ನಾಟಕದ ಭೂಸುಧಾರಣಾ ಕಾಯ್ದೆಯ 79-ಎ ಮತ್ತು 79-ಬಿ ಕಲಂಗಳು ರೈತನಲ್ಲದವನು, ಹಾಗೆಯೇ ಬೇರೆ ಮೂಲದಿಂದ ಹೆಚ್ಚಿನ ಆದಾಯವುಳ್ಳವನು ಹೊಲ ಕೊಳ್ಳದಂತೆ ತಡೆದಿದ್ದವು. ಆದಾಯದ ಮಿತಿಯನ್ನು 2015ರಲ್ಲಿ ವರ್ಷಕ್ಕೆ 25 ಲಕ್ಷ ರೂಪಾಯಿಗೆ ಏರಿಸಲಾಯಿತು; 2020ರಲ್ಲಿ ಕಲಂಗಳನ್ನೇ ತೆಗೆದುಹಾಕಲಾಯಿತು. ಆ ಕಲಂಗಳು ಕಚೇರಿಗಳಲ್ಲಿ ಲಂಚಕ್ಕೆ ದಾರಿಯಾಗಿದ್ದವೆಂಬ ಸರಕಾರದ ಮಾತು ಪೂರ್ಣ ಸುಳ್ಳಲ್ಲ. ಆದರೆ ಲಂಚವನ್ನು ನಿಲ್ಲಿಸುವ ಬದಲು ಬೇಲಿಯನ್ನೇ ಕಿತ್ತದ್ದರಿಂದ ಹೊಲದೊಳಕ್ಕೆ ಯಾರು ಬಂದರೆಂಬುದನ್ನು ಈ ರಸ್ತೆ ತೋರಿಸುತ್ತಿದೆ. ಸುವರ್ಣ ವಿಧಾನಸೌಧವು 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದಾಗಲೂ ಹಲಗಾ, ಬಸ್ತವಾಡದ ಸುತ್ತ ಇಂಥದೇ ಆಸೆ ಹುಟ್ಟಿತ್ತು. (ಆ ಭವ್ಯ ಕಟ್ಟಡದಲ್ಲಿ ಶಾಸಕರು ವರ್ಷಕ್ಕೆ ಎರಡು ವಾರ ಕೂಡುವುದೇ ಹೆಚ್ಚು. ಸುತ್ತಲಿನ ನಿವೇಶನಗಳ ಒಡೆಯರು ಅದರಿಂದಲೇ ಮಾದರಿ ಪಡೆದಿರಬಹುದು.) ಇನ್ನೊಂದೆಡೆ ಹಲಗಾ–ಮಚ್ಛೆ ಬೈಪಾಸಿಗೆ ಫಲವತ್ತಾದ ಗದ್ದೆ ಹೋಗುತ್ತದೆಂದು ರೈತರು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದಿದ್ದಾರೆ. ಒಂದು ಕಡೆ ಒಂದೊಂದು ಗುಂಟೆಗಾಗಿ ಹೋರಾಟ. ಇನ್ನೊಂದು ಕಡೆ ಎಕರೆಗಟ್ಟಲೆ ನೆಲ ಕಳೆ ಬೆಳೆಸಿಕೊಂಡು ಬಿದ್ದಿದೆ.

ಸೊರಗಿದ ಊರಿಗೆ ಹೊರಗಿನ ಹಣ ಬಂದರೆ ತಪ್ಪೇನೆಂದು ಕೇಳುವವರು ಆ ಊರು ಏಕೆ ಸೊರಗಿತೆಂಬುದನ್ನು ಮೊದಲು ಕೇಳಬೇಕು. ಲೋಂಡಾ ಜಂಕ್ಷನ್ನು ಮೀಟರ್ ಗೇಜಿನ ಕಾಲದಲ್ಲಿ ರೈಲ್ವೆ ನೌಕರರಿಂದ ತುಂಬಿದ ಊರಾಗಿತ್ತು. 1990ರ ದಶಕದಲ್ಲಿ ಹಳಿ ಅಗಲವಾಯಿತು, ಗಾಡಿಗಳು ನೇರ ಓಡತೊಡಗಿದವು, ಕೆಲಸ ಹೋಯಿತು, ಕೆಲಸದ ಹಿಂದೆ ಜನರೂ ಹೋದರು. ಖಾನಾಪುರದ ಹಂಚಿನ ಭಟ್ಟಿಗಳು ಕಾಂಕ್ರೀಟಿನ ಛಾವಣಿ ಬಂದ ಮೇಲೆ ಒಂದೊಂದಾಗಿ ತಣ್ಣಗಾದವು. ಎಲ್ಲಿಯೂ ಮನೆ ಕೊಳ್ಳುವವರಿಲ್ಲವೆಂದು ಊರು ಇಳಿಯಲಿಲ್ಲ. ದುಡಿಮೆ ಹೋದುದರಿಂದ ಇಳಿಯಿತು. ಬೀಗ ಹಾಕಿದ ಬಂಗಲೆಯು ದುಡಿಮೆಯನ್ನು ಮರಳಿ ತರಲಾರದು. ಕಟ್ಟುವ ಎಂಟು ತಿಂಗಳು ಗೌಂಡಿಗಳಿಗೆ ಕೂಲಿ ಸಿಗುತ್ತದೆ, ಆಮೇಲೆ ಒಬ್ಬ ಕಾವಲುಗಾರ. ಕಿರಾಣಿ ಅಂಗಡಿಗೆ ಗಿರಾಕಿಯಿಲ್ಲ, ಕನ್ನಡ ಶಾಲೆಗೆ ಮಗುವಿಲ್ಲ, ಬಸ್ಸಿಗೆ ಪ್ರಯಾಣಿಕನಿಲ್ಲ. ಜಾಂಬೋಟಿಯ ಕಡೆಯ ಮಳೆಯಲ್ಲಿ ಮನುಷ್ಯರಿಲ್ಲದ ಮನೆ ಎಷ್ಟು ಕಾಲ ನಿಂತೀತು? ಜೂನಿನಲ್ಲಿ ಮುಚ್ಚಿದ ಕದವನ್ನು ಅಕ್ಟೋಬರಿನಲ್ಲಿ ತೆಗೆದರೆ ಗೋಡೆಗೆ ಹಾವಸೆ, ಚೌಕಟ್ಟಿಗೆ ಗೆದ್ದಲು.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಜಪಾನಿನ 2023ರ ಸರಕಾರಿ ಗಣತಿಯಲ್ಲಿ ಖಾಲಿ ಮನೆಗಳು ಸುಮಾರು 90 ಲಕ್ಷ, ಅಂದರೆ ಒಟ್ಟು ಮನೆಗಳ ನೂರಕ್ಕೆ 13.8. ಅಲ್ಲಿ ವಿದೇಶೀಯನು ಮನೆ ಕೊಳ್ಳಲು ಅಡ್ಡಿಯಿಲ್ಲ. ಆದರೆ ಮನೆ ಕೊಂಡಮಾತ್ರಕ್ಕೆ ಅಲ್ಲಿ ವಾಸಿಸುವ ಹಕ್ಕು ಬರುವುದಿಲ್ಲ. ಹಿಮದಾಟಕ್ಕೆಂದು ಯುಜಾವಾದಲ್ಲಿ ಏರುಗಾಲದಲ್ಲಿ ಕಟ್ಟಿದ ಗೋಪುರಗಳ ಫ್ಲಾಟುಗಳು ಇಂದು ಅತ್ಯಲ್ಪ ಬೆಲೆಗೆ ಸಿಗುತ್ತವೆ. ತಿಂಗಳ ನಿರ್ವಹಣಾ ಶುಲ್ಕ ಮಾತ್ರ ಕೊಂಡವನ ಬೆನ್ನು ಬಿಡುವುದಿಲ್ಲ. ಸ್ಪೇನ್ ದೇಶವು ಐದು ಲಕ್ಷ ಯೂರೋ ಬೆಲೆಯ ಮನೆ ಕೊಂಡವರಿಗೆ ಕೊಡುತ್ತಿದ್ದ ವಾಸದ ಪರವಾನಿಗೆಯನ್ನು 2025ರಲ್ಲಿ ನಿಲ್ಲಿಸಿತು. ಪೋರ್ಚುಗಲ್ 2023ರಲ್ಲಿಯೇ ಮನೆ ಖರೀದಿಯ ದಾರಿಯನ್ನು ಮುಚ್ಚಿತ್ತು. ಸ್ವಂತ ಜನಕ್ಕೆ ಮನೆ ಸಿಗದಾಯಿತೆಂಬುದೇ ಎರಡೂ ಕಡೆಯ ಕಾರಣ. ಇಟಲಿಯ ಸಾಂಬೂಕಾ ಎಂಬ ಊರು 2019ರಲ್ಲಿ ಹಾಳು ಮನೆಗಳನ್ನು ಒಂದು ಯೂರೋ ಮೂಲಬೆಲೆಗೆ ಹರಾಜಿಗಿಟ್ಟಾಗ, ಮೂರು ವರ್ಷಗಳೊಳಗೆ ದುರಸ್ತಿ ಮಾಡಬೇಕು, ಅದಕ್ಕೆ ಐದು ಸಾವಿರ ಯೂರೋ ಠೇವಣಿಯಿಡಬೇಕು ಎಂಬ ಕರಾರು ಹಾಕಿತು. ಖಾನಾಪುರ ರಸ್ತೆಯ ಯಾವ ಖಾಸಗಿ ಬಡಾವಣೆಯ ಖರೀದಿಪತ್ರದಲ್ಲಿ ಇಂಥ ಕರಾರು ಕಂಡೀತು?

ಖಾನಾಪುರ ತಾಲೂಕಿಗೆ ಭೂಮಿಯ ಬಗ್ಗೆ ಇದಕ್ಕಿಂತ ಉತ್ತಮವಾದ ನೆನಪುಗಳಿವೆ. ಹಲಸಿಯು ಕದಂಬರ ಕಾಲದ ಪಲಾಶಿಕಾ. ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಅಲ್ಲಿ ಜಿನಾಲಯವನ್ನು ಕಟ್ಟಿಸಿ 33 ನಿವರ್ತನ ಭೂಮಿಯನ್ನು ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳವರಿಗಾಗಿ ಬಿಟ್ಟನು. ಅವನ ಮಗ ರವಿವರ್ಮನ ತಾಮ್ರಪಟವು ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳಿಗೆ ಆಹಾರದ ವ್ಯವಸ್ಥೆಯಾಗಬೇಕೆಂದು ವಿಧಿಸುತ್ತದೆ. ಮಳೆಗಾಲದಲ್ಲಿ ಒಂದೆಡೆ ನೆಲಸುವವರಿಗಾಗಿ ಅಲ್ಲಿನ ಭೂಮಿ ಮೀಸಲಾಗಿತ್ತು. ಇಂದು ಅದೇ ತಾಲೂಕಿನಲ್ಲಿ ಮಳೆಗಾಲ ಬಂದೊಡನೆ ಬೀಗ ಬೀಳುವ ಮನೆಗಳಿಗಾಗಿ ಭೂಮಿ ಮಾರಾಟವಾಗುತ್ತಿದೆ. ಶ್ರಾವಕನ ಪರಿಗ್ರಹಪರಿಮಾಣ ವ್ರತದಲ್ಲಿ ಮಿತಿಯನ್ನು ಹಾಕಿಕೊಳ್ಳಬೇಕಾದ ವಸ್ತುಗಳ ಪಟ್ಟಿ ಕ್ಷೇತ್ರ ಮತ್ತು ವಾಸ್ತುವಿನಿಂದಲೇ, ಎಂದರೆ ಹೊಲ ಮತ್ತು ಮನೆಯಿಂದಲೇ ಮೊದಲಾಗುತ್ತದೆ. ಬಂಗಾರದ ಮಾತು ಆಮೇಲೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಆ ವ್ರತದ ಅತಿಚಾರಗಳಲ್ಲಿ ಅತಿಸಂಗ್ರಹವನ್ನು ಎಣಿಸಿದ್ದಾರೆ. ಮುಂದೆ ವಿಶೇಷ ಲಾಭ ಬಂದೀತೆಂಬ ಲೋಭದಿಂದ ಕೂಡಿಡುವುದೇ ಅದೆಂದು ಟೀಕಾಕಾರರು ಬಿಡಿಸಿ ಹೇಳಿದ್ದಾರೆ. ಧಾನ್ಯವನ್ನು ಹಾಗೆ ಕೂಡಿಟ್ಟ ವರ್ತಕನನ್ನು ಬರಗಾಲದಲ್ಲಿ ಊರು ಶಪಿಸುತ್ತದೆ. ನಿವೇಶನವನ್ನು ಹಾಗೆ ಕೂಡಿಟ್ಟವನಿಗೆ ಸಭೆಯಲ್ಲಿ ಶಾಲು ಹೊದಿಸಲಾಗುತ್ತದೆ.

ಈ ಮಾತು ಸಮಾಜಬಾಂಧವರಲ್ಲಿ ಕೆಲವರಿಗೆ ಕಹಿಯೆನಿಸಬಹುದು. ಬೆಳಗಾವಿಯ ಜೈನರಲ್ಲಿ ಹೊಲ ಉಳುವ ಒಕ್ಕಲುಗಳೂ ಇವೆ, ಬಡಾವಣೆ ಮಾಡಿ ಮಾರುವವರೂ ಇದ್ದಾರೆ. ಒಂದೇ ಮನೆಯಲ್ಲಿ ತಂದೆ ಮೊದಲನೆಯವನೂ ಮಗ ಎರಡನೆಯವನೂ ಆಗಿರುವುದುಂಟು. ಮಗಳ ಮದುವೆಗೋ ಸೊಸೈಟಿಯ ಸಾಲಕ್ಕೋ ಎರಡೆಕರೆ ಮಾರಿದ ರೈತನನ್ನು ಯಾರೂ ದೂರಲಾಗದು. ಹೊಲದ ಆದಾಯದಿಂದ ಬದುಕಲಾಗದಿರುವುದು ಅವನ ತಪ್ಪಲ್ಲ. ಅವನಿಂದ ಎಕರೆಯ ಲೆಕ್ಕದಲ್ಲಿ ಕೊಂಡು ಚದರಡಿಯ ಲೆಕ್ಕದಲ್ಲಿ ಮಾರಿದವನ ಮಾತು ಬೇರೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1089 ಚದರಡಿ. ಲಾಭವೆಲ್ಲ ಈ ಗುಣಾಕಾರದಲ್ಲಿದೆ. ರಸ್ತೆ, ಚರಂಡಿ, ದೀಪದ ಭಾರವನ್ನು ಕೊನೆಗೆ ಪಂಚಾಯತಿಯ ತಲೆಗೆ ಕಟ್ಟಿ ಅವನು ಮುಂದಿನ ಸರ್ವೆ ನಂಬರಿಗೆ ಹೋಗುತ್ತಾನೆ. ಇತ್ತ ಭೀಮಗಡ ಅಭಯಾರಣ್ಯದೊಳಗಿನ ತಳೇವಾಡಿಯ ಕುಟುಂಬಗಳು ತಲಾ 15 ಲಕ್ಷ ರೂಪಾಯಿಗಳ ಪರಿಹಾರಕ್ಕೆ ಒಪ್ಪಿ, ತಲೆಮಾರುಗಳಿಂದ ಬಾಳಿದ ಕಾಡನ್ನು ಬಿಟ್ಟು ಹೊರಬರಬೇಕಾಯಿತು. ವನ್ಯಜೀವಿಗಳ ಹಿತಕ್ಕಾಗಿ ಅವರು ಜಾಗ ತೆರವು ಮಾಡಿದರೆಂದು ಸಂತೋಷಪಡುವವರು, ಅದೇ ಕಾಡಿನ ಅಂಚಿಗೆ ತಂತಿಬೇಲಿ ಎಳೆದು ರಾತ್ರಿಯಿಡೀ ದೀಪವುರಿಸುವ ವಾರಾಂತ್ಯದ ಮನೆಗಳನ್ನು ಹೇಗೆ ಸಹಿಸುತ್ತಾರೆ? ಹದಿನೈದು ಲಕ್ಷ ಹಿಡಿದು ಬಂದ ಆ ಕುಟುಂಬಕ್ಕೆ ಈ ರಸ್ತೆಯಲ್ಲಿ ನಿವೇಶನ ಕೊಂಡು, ಅದರ ಮೇಲೆ ಮನೆಯನ್ನೂ ಕಟ್ಟಿ, ಉಳಿದುದರಲ್ಲಿ ಬದುಕುವುದು ಸಾಧ್ಯವೆ?

ಹೊರಗಿನವರು ಬರಲೇಬಾರದೆಂಬುದು ಈ ವಾದದ ಅರ್ಥವಲ್ಲ. ನಿವೃತ್ತನಾಗಿ ಇಲ್ಲಿಯೇ ನೆಲಸಬಯಸುವ ಗೋವೆಯವನಿಗೆ ಶಹಾಪುರದ ಗಲ್ಲಿಗಳಲ್ಲಿ, ಖಾನಾಪುರದ ಪೇಟೆಯಲ್ಲಿ ಮಾರಲಿಕ್ಕಿರುವ ಹಳೆಯ ಹಂಚಿನ ಮನೆಗಳಿವೆ. ಅವುಗಳಿಗೆ ನಲ್ಲಿಯಿದೆ, ನೆರೆಯಿದೆ, ಸರಿಯಾದ ಉತಾರವಿದೆ, ಓ.ಸಿ.ಐ. ಕಾರ್ಡಿನವನು ಅವನ್ನು ತನ್ನ ಹೆಸರಿನಲ್ಲಿಯೇ ಕೊಳ್ಳಬಹುದು. ದಲ್ಲಾಳಿಗಳು ಅವನ್ನು ತೋರಿಸುವುದಿಲ್ಲ, ಏಕೆಂದರೆ ಅವುಗಳಲ್ಲಿ ಗುಣಾಕಾರವಿಲ್ಲ. ಬಡಾವಣೆ ಮಾಡುವ ಸಮಾಜಬಾಂಧವರು ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಐದು ವರ್ಷಗಳೊಳಗೆ ಕಟ್ಟಿ ವಾಸಿಸದಿದ್ದರೆ ಕೊಂಡ ಬೆಲೆಗೇ ಮರಳಿಸಬೇಕೆಂಬ ಕರಾರನ್ನು ತಮ್ಮ ಖರೀದಿಪತ್ರಗಳಲ್ಲಿ ಅವರು ಈಗಲೇ ಬರೆಸಬಹುದು. ಭೂಪರಿವರ್ತನೆಯ ಆದೇಶ, ರೇರಾ ನೋಂದಣಿ, ಪೋಡಿಯಾದ ಉತಾರ ಇವನ್ನು ಮುಂಗಡ ಪಡೆಯುವ ಮೊದಲೇ ಗಿರಾಕಿಯ ಕೈಗಿಡಬಹುದು. ವಿದೇಶೀ ಪೌರತ್ವದವನು ಬಂದಾಗ, ಈ ಜಾಗ ತಮ್ಮ ಹೆಸರಿಗೆ ಆಗುವುದಿಲ್ಲ, ಬೇರೆಯವರ ಹೆಸರಿಗೆ ಮಾಡಿಕೊಡಲು ತಾವು ಸಿದ್ಧರಿಲ್ಲ ಎಂದು ಬಾಯಿಬಿಟ್ಟು ಹೇಳಬಹುದು. ಬರುವ ಚಾತುರ್ಮಾಸದಲ್ಲಿ ಬಡಾವಣೆಯವರು ದೇಣಿಗೆಯ ಪಾವತಿ ಬರೆಸಲು ಬಂದಾಗ, ಬಸದಿಯ ಪಂಚರು ಅವರ ಕಳೆದ ಹತ್ತು ವರ್ಷಗಳ ನಿವೇಶನಗಳಲ್ಲಿ ಎಷ್ಟರಲ್ಲಿ ಮನೆ ಎದ್ದಿದೆ, ಎಷ್ಟರಲ್ಲಿ ಜನ ಇದ್ದಾರೆ ಎಂಬ ಲೆಕ್ಕವನ್ನೂ ಅದೇ ಪುಸ್ತಕದಲ್ಲಿ ಬರೆಸಿಕೊಳ್ಳಲಿ.