ಹುಲ್ಲಿನ ಗೋಡೆ, ಚಿಟ್ಟೆಯ ಸೂರು

ಅಮೆರಿಕದ ಮನೆ ಎಂದರೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ ಮಕ್ಕಳೇ? ಮುಗಿಲು ಮುಟ್ಟುವ ಕಟ್ಟಡ, ಇಲ್ಲವೇ ಸಿನಿಮಾದಲ್ಲಿ ಕಾಣುವ ಹುಲ್ಲುಹಾಸಿನ ದೊಡ್ಡ ಬಂಗಲೆ. ಈ ವಾರ ನಾನು ಹೇಳಹೊರಟಿರುವ ಮನೆ ಅವೆರಡೂ ಅಲ್ಲ. ಒಣಹುಲ್ಲಿನ ಪಿಂಡಿಗಳನ್ನು ಇಟ್ಟಿಗೆಯಂತೆ ಪೇರಿಸಿ ಕಟ್ಟಿದ ಮನೆ ಅದು. ಕಟ್ಟಿದವರು ಮೇಸ್ತ್ರಿಗಳಲ್ಲ, ಕಾಲೇಜು ವಿದ್ಯಾರ್ಥಿಗಳು. ಅದರಲ್ಲಿ ವಾಸಕ್ಕೆ ಬಂದವರು ಒಬ್ಬ ಅಜ್ಜ, ಒಬ್ಬ ಅಜ್ಜಿ ಮತ್ತು ಅವರು ಸಾಕುತ್ತಿದ್ದ ಮೊಮ್ಮಕ್ಕಳು. ಅಂದಮೇಲೆ ನಮ್ಮ ಈ ಪುಟಕ್ಕೆ ಹೇಳಿ ಮಾಡಿಸಿದ ಕಥೆ.

ಭೂಪಟ ತೆಗೆಯಿರಿ. ಅಮೆರಿಕದ ದಕ್ಷಿಣದಲ್ಲಿ ಅಲಬಾಮ ಎಂಬ ರಾಜ್ಯವಿದೆ. ಅದರ ಪಶ್ಚಿಮ ಭಾಗದಲ್ಲಿ ಹೇಲ್ ಕೌಂಟಿ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಒಂದು ಕಾಲಕ್ಕೆ ಅಲ್ಲೆಲ್ಲ ಹತ್ತಿ ಹೊಲ. ಆಫ್ರಿಕದಿಂದ ಹಿಡಿದು ತಂದ ಜನರನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ಗುಲಾಮರಾಗಿಟ್ಟು ಆ ಹೊಲಗಳಲ್ಲಿ ದುಡಿಸುತ್ತಿದ್ದರು. 1865ರಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಹೋಯಿತು. ಬಡತನ ಹೋಗಲಿಲ್ಲ. 1990ರ ದಶಕದಲ್ಲೂ ಅಲ್ಲಿ ಎಷ್ಟೋ ಸಂಸಾರಗಳು ಮಳೆ ಬಂದರೆ ಸೋರುವ ಹಲಗೆಯ ಗುಡಿಸಲುಗಳಲ್ಲಿ ಇದ್ದವು. ಅಮೆರಿಕದಲ್ಲೂ ಸೋರುವ ಮನೆಯೇ ಎಂದು ಕೇಳಬೇಡಿ. ಇದ್ದವು, ಈಗಲೂ ಇವೆ.

1993ರಲ್ಲಿ ಆಬರ್ನ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ಸ್ಯಾಮ್ಯುಯೆಲ್ ಮಾಕ್‌ಬಿ ಮತ್ತು ಡಿ.ಕೆ. ರೂತ್ ಎಂಬ ಇಬ್ಬರು ಮೇಷ್ಟ್ರು ಒಂದು ಕೆಲಸ ಮಾಡಿದರು. ಕಾಲೇಜಿನಲ್ಲಿ ಕುಳಿತ ಹುಡುಗರು ಕಾಗದದ ಮೇಲೆ ಮನೆ ಬರೆಯುತ್ತಾರೆ, ಅಂಕ ಪಡೆಯುತ್ತಾರೆ, ಆ ಮನೆಯಲ್ಲಿ ಯಾರೂ ಎಂದೂ ವಾಸಿಸುವುದಿಲ್ಲ. ಅದರ ಬದಲು ವಿದ್ಯಾರ್ಥಿಗಳನ್ನು ಹೇಲ್ ಕೌಂಟಿಗೇ ಕರೆದೊಯ್ದು ಇರಿಸಿದರು. ಅಲ್ಲಿಯ ಬಡವರಿಗೆ ನಿಜವಾದ ಮನೆಗಳನ್ನು ಕೈಯಾರೆ ಕಟ್ಟುವುದೇ ಅವರ ಪಾಠ. ಈ ಶಾಲೆಗೆ ರೂರಲ್ ಸ್ಟುಡಿಯೊ ಎಂದು ಹೆಸರು.

ಹುಲ್ಲಿನ ಮನೆ ಮುಗಿದದ್ದು 1994ರಲ್ಲಿ. ಪಿಂಡಿಗಳನ್ನು ಸಾಲಾಗಿ ಪೇರಿಸಿ, ಒಳಗೂ ಹೊರಗೂ ಗಾರೆ ಮೆತ್ತಿದರು. ಹಸು ಬಂದು ಗೋಡೆ ತಿಂದುಬಿಡುವುದಿಲ್ಲವೇ ಎಂದು ಯಾರೋ ಕೇಳುತ್ತಿದ್ದೀರಿ, ನನಗೆ ಕೇಳಿಸಿತು! ಗಾರೆ ಇರುವಾಗ ಹಸುವಿಗೂ ಸಿಗದು, ಇಲಿಗೂ ಸಿಗದು. ಬೆಂಕಿಯೂ ಬೇಗ ಹತ್ತುವುದಿಲ್ಲ, ಏಕೆಂದರೆ ಒತ್ತಿ ಬಿಗಿದ ಹುಲ್ಲಿನೊಳಗೆ ಉರಿಯಲು ಬೇಕಾದ ಗಾಳಿ ಆಡುವುದಿಲ್ಲ. ಹೀಗೆ ಅಲುಗಾಡದೆ ನಿಂತ ಗಾಳಿಯೇ ಬಿಸಿಲಿನ ಕಾವನ್ನು ಹೊರಗೇ ತಡೆಯುತ್ತದೆ, ಚಳಿಗಾಲದಲ್ಲಿ ಒಳಗಿನ ಬಿಸಿಯನ್ನು ಹೊರಬಿಡುವುದಿಲ್ಲ. ಕಂಬಳಿ ಹೊದ್ದರೆ ಬೆಚ್ಚಗಾಗುವುದೂ ಇದೇ ಕಾರಣಕ್ಕೆ. ಹುಲ್ಲಿನ ಗೋಡೆಗೆ ನಿಜವಾದ ಶತ್ರು ನೀರು. ಒಳಗೆ ತೇವ ಸೇರಿದರೆ ಕೊಳೆಯುತ್ತದೆ. ಆದ್ದರಿಂದ ಸೂರನ್ನು ಗೋಡೆಯಿಂದ ಸಾಕಷ್ಟು ಮುಂದಕ್ಕೆ ಚಾಚಬೇಕು.

ಮನೆಯ ಮುಂದೆ ಉದ್ದಕ್ಕೆ ಒಂದು ಜಗಲಿ, ಅದರ ಮೇಲೆ ಬೆಳಕು ಹಾಯುವ ಸೂರು. ಅಕ್ಕಪಕ್ಕದವರು ಬಂದರೆ ಕೂರುವುದು ಅಲ್ಲೇ. ಹಿಂದುಗಡೆ ಪೀಪಾಯಿಯಂತೆ ದುಂಡಗಿನ ಮೂರು ಪುಟ್ಟ ಕೋಣೆಗಳು, ಮೊಮ್ಮಕ್ಕಳಿಗೆಂದೇ. ಒಂದು ಮಂಚ, ಒಂದು ಮೇಜು ಹಿಡಿಯುವಷ್ಟು ಜಾಗ, ಅಷ್ಟೆ. ಪಕ್ಕದಲ್ಲಿ ಮಾಂಸ ಹೊಗೆಗಿಡಲು ಒಂದು ಚಿಕ್ಕ ಗೂಡು. ಅದನ್ನು ಒಬ್ಬ ವಿದ್ಯಾರ್ಥಿ ಒಡೆದ ಕಾಂಕ್ರೀಟ್ ತುಂಡುಗಳಿಂದ ಕಟ್ಟಿ, ನಡುನಡುವೆ ಬಣ್ಣದ ಬಾಟಲಿಗಳನ್ನು ಹುದುಗಿಸಿದ. ಬಿಸಿಲು ಬಿದ್ದರೆ ಒಳಗೆ ಬಣ್ಣದ ಚುಕ್ಕಿಗಳು. ನಾನು ಅದನ್ನು ಚಿತ್ರದಲ್ಲಷ್ಟೇ ನೋಡಿದ್ದೇನೆ. ಪುಟ ಮಗುಚಲು ಮನಸ್ಸಾಗಿರಲಿಲ್ಲ.

ಮೂರು ವರ್ಷದ ಮೇಲೆ ಇನ್ನೊಂದು ವೃದ್ಧ ದಂಪತಿಗೆ ಚಿಟ್ಟೆ ಮನೆ ಬಂತು. ನಮ್ಮ ಹೆಂಚಿನ ಮನೆಗಳ ಸೂರು ನಡುವೆ ಎತ್ತರ, ಎರಡೂ ಕಡೆ ಇಳಿಜಾರು. ಚಿಟ್ಟೆ ಮನೆಯದು ತಿರುಗುಮುರುಗು. ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಎರಡು ಅಂಚುಗಳೂ ಮೇಲಕ್ಕೆ, ನಡುವೆ ತಗ್ಗು. ಮಳೆ ನೀರೆಲ್ಲ ತಗ್ಗಿಗೆ ಹರಿದು ತೊಟ್ಟಿ ಸೇರುತ್ತದೆ. ರೆಕ್ಕೆಯ ಅಡಿಯಲ್ಲಿ ಸೊಳ್ಳೆಬಲೆ ಹಾಕಿದ ಅಗಲವಾದ ಜಗಲಿ, ಗಾಳಿ ಧಾರಾಳ. ಆ ಅಜ್ಜಿ ಗಾಲಿಕುರ್ಚಿ ಬಳಸುತ್ತಿದ್ದರು. ಹಾಗಾಗಿ ಕುರ್ಚಿ ತಡೆಯಿಲ್ಲದೆ ಓಡಾಡುವಂತೆ ಇಡೀ ಮನೆಯನ್ನು ಯೋಚಿಸಿ ಕಟ್ಟಿದರು. ಮರದಲ್ಲಿ ಬಹುಪಾಲು ಕೆಡವಿದ ಹಳೆಯ ಚರ್ಚೊಂದರದು.

2000ದಲ್ಲಿ ಅದೇ ಹುಡುಗರ ಮುಂದಿನ ತಂಡ ಮೇಸನ್ಸ್ ಬೆಂಡ್ ಎಂಬ ಹಟ್ಟಿಯಲ್ಲಿ ಊರವರು ಸೇರಲು, ಪ್ರಾರ್ಥಿಸಲು ಒಂದು ಮಂಟಪ ಕಟ್ಟಿತು. ಮಣ್ಣನ್ನು ದಮ್ಮಸು ಮಾಡಿ ಎಬ್ಬಿಸಿದ ಗೋಡೆ, ಅದರ ಮೇಲೆ ಮೀನಿನ ಹೊರೆಯಂತೆ ಒಂದರ ಮೇಲೊಂದು ಹೊದಿಸಿದ ಗಾಜು. ಗಾಜು ಎಲ್ಲಿಯದು? ಷಿಕಾಗೊದ ಗುಜರಿಯಲ್ಲಿ ಬಿದ್ದಿದ್ದ ಹಳೆಯ ಕಾರುಗಳ ಗಾಜು! ಇನ್ನೊಂದು ಮನೆಗೆ ಕಂಪನಿಯೊಂದು ಕೊಟ್ಟ 72,000 ಕಾರ್ಪೆಟ್ ತುಂಡುಗಳನ್ನು ಒತ್ತಿ ಪೇರಿಸಿ ಗೋಡೆ ಮಾಡಿದರು. ನನಗೇನೋ ಅದು ಸ್ವಲ್ಪ ಅತಿ ಎನಿಸಿತು. ಕಾರ್ಪೆಟ್ ಗೋಡೆ ಬೇಕೆಂದು ಆ ಮನೆಯವರೇ ಕೇಳಿದ್ದರೋ ಏನೋ!

ಇಷ್ಟು ಓದಿದ ಹಿರಿಯರು ಕನ್ನಡಕ ಸರಿಮಾಡಿಕೊಂಡು ಒಂದು ಪ್ರಶ್ನೆ ಹಾಕುವುದು ಖಂಡಿತ. ವರ್ಷಕ್ಕೊಂದು ಚಂದದ ಮನೆ ಕಟ್ಟಿದರೆ ಉಳಿದವರ ಗತಿ? ಒಬ್ಬರಿಗೆ ಚಿಟ್ಟೆ ಮನೆ, ಪಕ್ಕದವರಿಗೆ ಹಳೆಯ ಸೋರುವ ಗುಡಿಸಲು. ಬಿಟ್ಟಿ ಸಿಕ್ಕ ಸಾಮಾನಿನಿಂದ ಕಟ್ಟಿದ್ದನ್ನು ಇನ್ನೊಬ್ಬರು ನೋಡಿ ಹಾಗೆಯೇ ಕಟ್ಟಿಕೊಳ್ಳಲೂ ಆಗದು. ಬಡವರಿಗೆ ಚಂದ ಯಾಕೆ, ಸೂರಿದ್ದರೆ ಸಾಲದೇ ಎನ್ನುವವರೂ ಇದ್ದಾರೆ. ಅವರ ಮಾತು ನಾನು ಒಪ್ಪುವುದಿಲ್ಲ. ಆದರೆ ಮೊದಲ ಪ್ರಶ್ನೆ ಗಟ್ಟಿಯಾದದ್ದು.

ಮಾಕ್‌ಬಿ ಮೇಷ್ಟ್ರು 2001ರ ಡಿಸೆಂಬರ್‌ನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ 57 ವರ್ಷ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ಚಿನ್ನದ ಪದಕ ಅವರ ಹೆಸರಿಗೆ ಬಂದದ್ದು 2004ರಲ್ಲಿ. ಅವರ ನಂತರ ಹೊಣೆ ಹೊತ್ತವರು ಇಂಗ್ಲೆಂಡಿನಿಂದ ಬಂದ ಆಂಡ್ರ್ಯೂ ಫ್ರಿಯರ್. ಹಿರಿಯರ ಆ ಪ್ರಶ್ನೆಗೆ 2005ರಲ್ಲಿ ವಿದ್ಯಾರ್ಥಿಗಳು ಉತ್ತರ ಹುಡುಕತೊಡಗಿದರು. ಅದಕ್ಕೆ ಅವರು ಇಟ್ಟ ಹೆಸರು 20ಕೆ ಮನೆ, ಎಂದರೆ 20,000 ಡಾಲರಿನ ಮನೆ.

ಈ ಲೆಕ್ಕ ಎಲ್ಲಿಂದ ಬಂತು ನೋಡಿ. ಸರ್ಕಾರ ಕೊಡುವ ವೃದ್ಧಾಪ್ಯದ ಪಿಂಚಣಿಯೊಂದನ್ನೇ ನಂಬಿಕೊಂಡವರು ತಿಂಗಳಿಗೆ ಎಷ್ಟು ಕಂತು ಕಟ್ಟಬಲ್ಲರು? ಸುಮಾರು 100 ಡಾಲರ್. ಆ ಕಂತಿನಲ್ಲಿ ತೀರುವ ಸಾಲ ಸುಮಾರು 20,000. ಅದರಲ್ಲಿ 12,000 ಸಾಮಾನಿಗೆ, ಉಳಿದ 8,000 ಊರಿನ ಕಂಟ್ರಾಕ್ಟರನ ಕೂಲಿಗೆ, ಲಾಭಕ್ಕೆ. ಗಾತ್ರ ಚಿಕ್ಕದು. ಆದರೂ ಒಳಮಾಡು ಎತ್ತರ, ಎದುರುಬದುರು ಕಿಟಕಿ, ನೆಲದಿಂದ ಮೇಲೆತ್ತಿದ ಅಡಿಪಾಯ. ಎಷ್ಟು ಹಣ ಉಳಿಸಬೇಕೆಂದರೂ ಒಂದನ್ನು ಮಾತ್ರ ಕೈಬಿಡಲಿಲ್ಲ. ಯಾವುದು ಗೊತ್ತೇ? ಜಗಲಿ. ಅದನ್ನು ಕಂಡಾಗ ನನಗೆ ಎಷ್ಟು ಹಿತವಾಯಿತೆಂದು ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿದವರಿಗೆ ಗೊತ್ತಾಗುತ್ತದೆ.

ತೊಡಕು ಬಂದದ್ದು ಬೇರೆ ಕಡೆಯಿಂದ. ಇಷ್ಟು ಸಣ್ಣ ಸಾಲ ಕೊಟ್ಟರೆ ತಮಗೆ ಗಿಟ್ಟುವುದಿಲ್ಲ ಎಂದು ಬ್ಯಾಂಕುಗಳು ಹಿಂಜರಿದವು. ಕಟ್ಟಡದ ಕಾನೂನುಗಳೂ ದೊಡ್ಡ ಮನೆಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಮನೆ ಕಟ್ಟುವುದಕ್ಕಿಂತ ಅದಕ್ಕೆ ಸಾಲ ಹುಟ್ಟಿಸುವುದೇ ಕಷ್ಟ ಎಂದು ಆ ಹುಡುಗರು ಕಲಿತರು. ಸಾಮಾನಿನ ಬೆಲೆಯೂ ಏರುತ್ತಲೇ ಇದೆ, 20,000 ಎಂಬುದು ಈಗ ಹೆಸರಿಗಷ್ಟೇ ಉಳಿದಿದೆ. ಆದರೂ ಕೈಬಿಟ್ಟಿಲ್ಲ. ಇಪ್ಪತ್ತಕ್ಕೂ ಹೆಚ್ಚು ಬಗೆಯ ಮನೆಗಳನ್ನು ಬರೆದು, ಕಟ್ಟಿ, ತಿದ್ದಿ, ಬೇರೆ ಊರಿನವರೂ ಕಟ್ಟಿಕೊಳ್ಳುವಂತೆ ನಕ್ಷೆಗಳನ್ನು ಸಿದ್ಧಮಾಡುತ್ತಿದ್ದಾರೆ. ಬಡವರ ಕೈಗೆಟುಕುವ ಮನೆ ಅಂದವಾಗಿಯೂ ಇರಬಲ್ಲದು ಎನ್ನುವುದಕ್ಕೆ ಹುಲ್ಲಿನ ಮನೆಗಿಂತ ಇವು ದೊಡ್ಡ ಸಾಕ್ಷಿ ಎಂದು ನನಗನಿಸುತ್ತದೆ, ಚಿತ್ರದಲ್ಲಿ ಅಷ್ಟು ಮಿಂಚದಿದ್ದರೂ.

ಅವರು ಬೀಡುಬಿಟ್ಟಿರುವ ನ್ಯೂಬರ್ನ್ ಊರಿನಲ್ಲಿ 200 ಜನವೂ ಇಲ್ಲ. ಅಲ್ಲಿ ಮುಚ್ಚಿಹೋಗಿದ್ದ ಒಂದು ಹಳೆಯ ಬ್ಯಾಂಕನ್ನು ವಿದ್ಯಾರ್ಥಿಗಳು ಗ್ರಂಥಾಲಯವಾಗಿ ಮಾಡಿಕೊಟ್ಟರು. ದುಡ್ಡು ಇಡುತ್ತಿದ್ದ ಕಡೆ ಈಗ ಮಕ್ಕಳ ಪುಸ್ತಕ!

ಈ ವಾರದ ಕೆಲಸ ಹೇಳಿಬಿಡುತ್ತೇನೆ. ಕಾಗದ, ಪೆನ್ಸಿಲ್ ತೆಗೆದುಕೊಂಡು ಅಜ್ಜ ಅಜ್ಜಿಯ ಬಳಿ ಹೋಗಿ. ಮನೆಯಲ್ಲಿ ಎಲ್ಲಿ ಕೂರಲು ಇಷ್ಟ, ರಾತ್ರಿ ಎದ್ದರೆ ಎಲ್ಲಿ ಎಡವುತ್ತೀರಿ, ಯಾವ ಕಿಟಕಿ ಇನ್ನೂ ಸ್ವಲ್ಪ ಕೆಳಗಿರಬೇಕಿತ್ತು ಎಂದು ಕೇಳಿ. ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು, ಅವರಿಗಾಗಿ ಒಂದು ಕೋಣೆಯ ಚಿತ್ರ ಬರೆದು ನಮಗೆ ಕಳಿಸಿ. ಅಜ್ಜಿಗೆ ತೋರಿಸಿ, ಒಪ್ಪಿಗೆ ಪಡೆದ ಮೇಲೆಯೇ ಕಳಿಸಬೇಕು.